ಆನೆಯನ್ನು ಕರೆದ ಮನೆ

…ಮೇ ಹದಿನೆಂಟು, ಭಾನುವಾರ, ಬೆಳಿಗ್ಗೆ ಹತ್ತೂವರೆ ಗಂಟೆ. ಬರೆದಿರಾ? ಗಂಟೆಯನ್ನೂ ಬರೆಯಿರಿ. ಸಭೆ ಸಂಜೆ ಐದಕ್ಕೆ ಎಂಬುದು ನನಗೂ ಗೊತ್ತು. ಆದರೆ ನಿರ್ಣಯದ ಕರಡು ಶುರುವಾದದ್ದು ಈಗ. ಅದೂ ದಾಖಲೆಯಲ್ಲಿರಲಿ. ಹೊನ್ನೇಗುಡ್ಡ ಬಡಾವಣೆ ನಿವಾಸಿಗಳ ಸಂಘ, ಸಕಲೇಶಪುರ. ಅಧ್ಯಕ್ಷೆ, ಗಂಗಾಮಣಿ. ಕಾರ್ಯದರ್ಶಿ, ತಿಮ್ಮಯ್ಯ… ನಿಮ್ಮ ಹೆಸರು ಬರೆಯುವಾಗ ಮಾತ್ರ ಅಕ್ಷರ ಎಷ್ಟು ದುಂಡಗೆ ಬರುತ್ತದೆ ನೋಡಿ!

ಯಾಕೆ ನಗುತ್ತೀರಿ? ಗಂಡ ಹೆಂಡತಿ ಇಬ್ಬರೇ ಊಟದ ಮೇಜಿನ ಮೇಲೆ ಇಡೀ ಗುಡ್ಡದ ನಿರ್ಣಯ ಬರೆಯುತ್ತಿದ್ದೇವೆ ಎಂದೇ? ಬೇರೆ ಯಾರು ಮುಂದೆ ಬಂದರು, ಹೇಳಿ! ಆಟೋದವರು ಅರ್ಧಕ್ಕೇ ಇಳಿಸಿ ಹೋಗುವ ಈ ಗುಡ್ಡದ ಮೇಲೆ ದೂರಿಲ್ಲದ ಮನೆ ಒಂದಿಲ್ಲ. ಕೆಲಸ ಎಂದ ಕೂಡಲೇ ಮಹಾದೇವಯ್ಯನವರಿಗೆ ಬೆನ್ನುನೋವು, ಸುಮನಾಗೆ ಧಾರಾವಾಹಿ. ಇರಲಿ. ಬರೆಯಿರಿ.

‘ಈ ದಿನ ಮುಂಜಾನೆ ಒಂಟಿ ಸಲಗವೊಂದು ಬಡಾವಣೆಯನ್ನು ಪ್ರವೇಶಿಸಿ, ಅಧ್ಯಕ್ಷೆಯ ಮನೆಯ ಪಕ್ಕದ ಬಾಡಿಗೆದಾರರಾದ ಭೂತಯ್ಯನವರ ಸೌದೆ ಕೊಟ್ಟಿಗೆಯನ್ನು ಸಂಪೂರ್ಣವಾಗಿ ಕೆಡವಿರುತ್ತದೆ.’ ಹೌದು, ಸಂಪೂರ್ಣವಾಗಿ. ಏನು ಉಳಿದಿದೆ ಅಲ್ಲಿ? ತಗಡಿನ ಶೀಟು ಹಪ್ಪಳದಂತೆ ಮಡಚಿಕೊಂಡಿದೆ. ಅವನ ಹೆಂಡತಿ ರಾಮಮ್ಮ ತವರಿನಿಂದ ತಂದಿದ್ದ ತಾಮ್ರದ ಹಂಡೆ ತಟ್ಟೆಯಾಗಿದೆ. ಆಕೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದನ್ನು ನೀವೂ ನೋಡಿದಿರಿ.

ಈ ಗುಡ್ಡಕ್ಕೆ ಆನೆ ಬಂದದ್ದು ಇದೇ ಮೊದಲು. ಕೆಳಗೆ ತೋಟಗಳಿಗೆ ಬರುತ್ತದೆ, ಆಲೂರಿನ ಕಡೆ ದಿನವೂ ಬರುತ್ತದೆ, ಸರಿ. ಇಲ್ಲಿಗೆ? ಇಷ್ಟು ಏರು ಹತ್ತಿ, ಇಷ್ಟು ಮನೆ ದಾಟಿ, ನೇರ ಆ ಒಂದು ಕೊಟ್ಟಿಗೆಗೆ? ಯಾರಿಗಾದರೂ ಸಂಶಯ ಬಾರದೇ?

ಮತ್ತೆ ಆ ಮಹೇಶ! ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು ಜೆರಾಕ್ಸ್ ಮಾಡಬೇಕು. ಇವನು ಮೊಬೈಲು ಹಿಡಿದು ‘ಗುಡ್ಡದ ಸುದ್ದಿ’ ಓದುತ್ತಾನೆ. ಹೋದ ವಾರ ಮುನಿಯಮ್ಮನ ಕೋಳಿ ಪಂಪ್‌ಹೌಸಿನಲ್ಲಿ ಮೊಟ್ಟೆಯಿಟ್ಟದ್ದೂ ಅವನಿಗೆ ‘ಈಗಷ್ಟೇ ಬಂದ ಸುದ್ದಿ’! ಇವತ್ತು ಏಳು ಗಂಟೆಗೆ ನನ್ನ ಮುಖಕ್ಕೆ ಮೊಬೈಲು ಹಿಡಿದು ಏನು ಕೇಳಿದ, ಕೇಳಿಸಿಕೊಂಡಿರಾ? "ಮೇಡಂ, ಆನೆಗೆ ತಾವು ಏನ್ ಸಂದೇಶ ಕೊಡಕ್ಕೆ ಇಷ್ಟಪಡ್ತೀರಾ?" ಆನೆಗೆ! ಸಂದೇಶ! ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ್ದೇನೆ, ಇಂಥ ಪ್ರಶ್ನೆಯನ್ನು ಕೊನೆಯ ಬೆಂಚಿನವನೂ ಕೇಳಿರಲಿಲ್ಲ… ನಗಬೇಡಿ, ಇದು ನಗುವ ವಿಷಯವಲ್ಲ. ‘ಆನೆಯನ್ನು ಕರೆದ ಮನೆ ಯಾವುದು?’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿದ್ದಾನೆ. ಮಧ್ಯಾಹ್ನದೊಳಗೆ ದೋಣಿಗಲ್ಲಿನಿಂದ ಆಲೂರಿನವರೆಗೆ ಎಲ್ಲರೂ ನೋಡಿರುತ್ತಾರೆ. ಈಗಲೂ ನಮ್ಮ ಗೇಟಿನ ಎದುರಿಗೇ ಅಲೆದಾಡುತ್ತಿದ್ದಾನೆ. ಕಿಟಕಿಯ ಪರದೆ ಎಳೆಯಿರಿ… ಬೇಡವೇ? ಸರಿ, ತೆರೆದೇ ಇರಲಿ. ನನಗೇನು?

ಬರೆಯಿರಿ. ‘ಹಲಸಿನ ಹಣ್ಣಿನ ವಾಸನೆಗೆ ಆನೆಗಳು ದೂರದಿಂದ ಬಂದು ಗೋಡೆ ಒಡೆಯುವುದು ಎಲ್ಲರಿಗೂ ತಿಳಿದ ವಿಷಯ. ಆದ್ದರಿಂದ ಕಾಯಿಯನ್ನು ಎಳೆಯದಾಗಿರುವಾಗಲೇ ಮರದಿಂದ ಇಳಿಸತಕ್ಕದ್ದು, ಹೊರಗಿನಿಂದ ತಂದು ಮನೆಯೊಳಗೆ ಹಣ್ಣು ಮಾಡಕೂಡದು ಎಂದು ಈ ಸಂಘವು ಫೆಬ್ರವರಿಯಲ್ಲೇ ತೀರ್ಮಾನಿಸಿತ್ತು.’ ಅಧ್ಯಕ್ಷೆಯ ಸೂಚನೆಯ ಮೇರೆಗೆ, ಎಂದು ಸೇರಿಸಿ. ಸೇರಿಸಲೇಬೇಕು! ಆ ನಿಯಮ ನನ್ನದು. ನಾನೇ ಬರೆದದ್ದು, ನಾನೇ ಮನೆ ಮನೆಗೆ ಹೋಗಿ ಓದಿಹೇಳಿದ್ದು. ಭೂತಯ್ಯನ ಮರದ ಕಾಯಿಯನ್ನು ನಾನೇ ಎದುರು ನಿಂತು ಕೀಳಿಸಿದೆ. ಆ ದಿನ ರಾಮಮ್ಮ ಏನಂದಳು? "ಮರ ಬೋಳಾಯ್ತು ಕಣ್ರೀ, ಈಗ ನಿಮ್ ಕಣ್ಣು ತಣ್ಣಗಾಯ್ತಾ?" ಅಂದಳು. ಎಲ್ಲರೆದುರಿಗೆ. ಮರೆತಿಲ್ಲ ನಾನು.

ಇವತ್ತು ಭೂತಯ್ಯನ ಸರದಿ. ಕೊಟ್ಟಿಗೆ ಬಿದ್ದ ದುಃಖ ಒಂದು ಕಡೆ ಇರಲಿ, ನಾಲಿಗೆ ಮಾತ್ರ ಬಿದ್ದಿಲ್ಲ. "ಆನೆ ನಿಮ್ ಸಂಘದ ಪರ್ಮಿಷನ್ ತಗಂಡು ಬರ್ಬೇಕಿತ್ತಾ ಮೇಡಮ್ಮೋರೆ?" ಎಲ್ಲರೂ ಗೊಳ್ಳೆಂದರು. ಮಹಾದೇವಯ್ಯನವರೂ ಬೆನ್ನು ಹಿಡಿದುಕೊಂಡು ನಕ್ಕರು! ಇಂಥವರು ನಮ್ಮ ಬಡಾವಣೆಯಲ್ಲಿ ಯಾಕಿರಬೇಕು? ಎಂಟು ಗಂಟೆಗೆ ಹಾಸನದಿಂದ ಆ ಮನೆಯ ಮಾಲೀಕ ಪ್ರದೀಪ್ ಫೋನ್ ಮಾಡಿದ್ದ. "ಸಂಘದಿಂದ ಒಂದು ನಿರ್ಣಯ ಮಾಡಿ ಕಳ್ಸಿಬಿಡಿ ಮೇಡಂ, ತಿಂಗಳ ಕೊನೆಗೆ ಖಾಲಿ ಮಾಡಿಸ್ತೀನಿ" ಅಂದ. ಮಾಡಿಸಲಿ.

ಎಲ್ಲಿಗೆ ಹೋಗುತ್ತಾರೆ ಎಂದರೆ? ಅದು ಸಂಘದ ಪ್ರಶ್ನೆಯಲ್ಲ. ಹೌದು, ಎಸ್ಟೇಟಿನ ಕೂಲಿಯವರ ಲೈನ್ ಮನೆ ಬಿಟ್ಟು ಬಂದವರು, ಅಲ್ಲಿಗೆ ಮರಳುವಂತಿಲ್ಲ. ಹೌದು, ಮಗಳು ನಯನಾ ಬಸ್ ಸ್ಟ್ಯಾಂಡಿನ ಔಷಧಿ ಅಂಗಡಿಯಲ್ಲಿ ದುಡಿಯುತ್ತಾಳೆ, ದೂರ ಹೋದರೆ ಆ ಕೆಲಸವೂ ಇಲ್ಲ. ಆನೆ ಕರೆಸಿದವರು ಎಂಬ ಹೆಸರು ಹೊತ್ತವರಿಗೆ ಈ ಊರಿನಲ್ಲಿ ಯಾರೂ ಬಾಡಿಗೆಗೆ ಮನೆ ಕೊಡುವುದಿಲ್ಲ, ಅದೂ ಹೌದು. ಇದನ್ನೆಲ್ಲ ನನಗೆ ನೆನಪಿಸುವ ಅಗತ್ಯವಿಲ್ಲ… ನೀವು ಏನೂ ಹೇಳಲಿಲ್ಲ, ಗೊತ್ತು. ಮುಖದಲ್ಲಿ ಹೇಳುತ್ತಿದ್ದೀರಿ.

ಬರೆಯಿರಿ. ‘ಸದರಿ ಭೂತಯ್ಯನವರು ಈ ತೀರ್ಮಾನವನ್ನು ಉಲ್ಲಂಘಿಸಿ, ತಮ್ಮ ಕೊಟ್ಟಿಗೆಯಲ್ಲಿ ಹಲಸನ್ನು ಸಂಗ್ರಹಿಸಿದ್ದುದರಿಂದ…’

ಸಂಗ್ರಹಿಸಿದ್ದುದರಿಂದ.

ಪೆನ್ನಿನಲ್ಲಿ ಶಾಯಿ ಇಲ್ಲವೇ? ಇದೆಯಲ್ಲ. ಮತ್ತೆ? ಸಾಕ್ಷಿ ಇದೆ, ರೀ! ಕೊಟ್ಟಿಗೆಯಲ್ಲಿ ಹಲಸಿನ ಬೀಜ ಸಿಕ್ಕಿದೆ, ಬುಟ್ಟಿ ತುಂಬ. ಮಹೇಶ ಚಿತ್ರ ತೆಗೆದಿದ್ದಾನೆ. ರಾಮಮ್ಮನ ವಾದ ಬಿಡಿ. "ಹಲಸಿನ ಬೀಜ ಯಾರ್ ಮನೇಲಿಲ್ಲ ಕಣ್ರೀ? ನಿಮ್ಮನೇಲಿಲ್ವಾ? ಬೀಜಕ್ಕೆ ಆನೆ ಬರಂಗಿದ್ರೆ ಇಡೀ ತಾಲೂಕೇ ನುಗ್ಗುನುರಿ ಆಗ್ಬುಡ್ತಿತ್ತು!" ಮಾತು ಬಲ್ಲವಳು… ಹೌದು, ಹೋದ ವರ್ಷದ ಬೀಜ. ಕೆಮ್ಮಣ್ಣು ಮೆತ್ತಿ, ಒಣಗಿಸಿ, ಮಳೆಗಾಲದ ಸಾರಿಗೆ ಇಟ್ಟದ್ದು. ನಮ್ಮ ಅಟ್ಟದಲ್ಲೂ ಇದೆ. ಅದಕ್ಕೆ ವಾಸನೆ ಇರುವುದಿಲ್ಲ… ಮನುಷ್ಯರ ಮೂಗಿಗೆ ಇರುವುದಿಲ್ಲ. ಆನೆಯ ಮೂಗಿನ ವಿಷಯ ನಿಮಗೆಷ್ಟು ಗೊತ್ತು?

ಯಾಕೆ ಕ್ಯಾಪು ಹಾಕಿದಿರಿ? ಪೆನ್ನು ತೆಗೆಯಿರಿ.

ಅತ್ತ ಏನು ನೋಡುತ್ತೀರಿ? ಅದು ಉಗ್ರಾಣ. ಬಾಗಿಲು ಹಾಕಿದೆ. ಯಾವಾಗಲೂ ಹಾಕಿಯೇ ಇರುತ್ತದೆ. ಆ ಕೊಟ್ಟಿಗೆಯನ್ನು ನಮ್ಮ ಉಗ್ರಾಣದ ಗೋಡೆಗೆ ಅಂಟಿಸಿ ಕಟ್ಟಿದ್ದರೆ ಅದು ನನ್ನ ತಪ್ಪೇ? ಕಟ್ಟಿದವನು ಪ್ರದೀಪ್. ಆನೆ ಬಂದದ್ದು ಕೊಟ್ಟಿಗೆಗೆ. ಕೊಟ್ಟಿಗೆ ಬಿದ್ದಿದೆ, ನಮ್ಮ ಗೋಡೆ ನಿಂತಿದೆ. ನಮ್ಮ ಗೋಡೆಯ ಮೇಲೆ ಒಂದು ಗೀರೂ ಇಲ್ಲ, ಒಂದು ಕಲೆಯೂ ಇಲ್ಲ, ಯಾರು ಬೇಕಾದರೂ ಬಂದು ನೋಡಲಿ…

ತೊಳೆದೆ. ಹೌದು, ತೊಳೆದೆ! ತನ್ನ ಮನೆಯ ಗೋಡೆಯನ್ನು ತಾನು ತೊಳೆಯುವುದೂ ಅಪರಾಧವೇ? ಕೆಸರಾಗಿತ್ತು. ಗವಾಕ್ಷಿಯ ಸುತ್ತ ಮೆತ್ತಿತ್ತು. ಸೊಂಡಿಲು ಅಲ್ಲಿಯವರೆಗೂ… ಆಗ ನೀವು ನಿದ್ದೆ ಮಾಡುತ್ತಿದ್ದಿರಿ! ಇಲ್ಲವೇ? ಕಿಟಕಿಯಲ್ಲಿ ನಿಂತಿದ್ದಿರಾ? ನಾನು ಬಕೆಟ್ಟು ಪೊರಕೆ ಹಿಡಿದು ಕುರ್ಚಿ ಹತ್ತಿದ್ದನ್ನು ನೋಡಿ, ಏನೂ ಆಗದವರಂತೆ ಅಡುಗೆಮನೆಗೆ ಬಂದು ಕಾಫಿ ಕೇಳಿದಿರಾ?

ಹಾಗೆ ನೋಡಬೇಡಿ.

ಹಾಗೆ ನೋಡಬೇಡಿ ಎಂದೆ. ನೀವೂ ತಿಂದಿದ್ದೀರಿ! ನಿನ್ನೆ ಊಟದ ಮೇಲೆ, ಜೇನುತುಪ್ಪ ಹಾಕಿಕೊಂಡು, ಬೆರಳು ಚೀಪಿಕೊಂಡು. ಎಲ್ಲಿಂದ ಬಂತು ಎಂದು ಕೇಳಿದಿರಾ? ಸಂಘದ ಕಾರ್ಯದರ್ಶಿಗಳಿಗೆ ಆಗ ನಿಯಮ ನೆನಪಾಗಲಿಲ್ಲ!

…

ಮೋಹನ್ ಕಳಿಸಿದ್ದು. ಕೆ. ಹೊಸಕೋಟೆಯಿಂದ ಬಸ್ಸಿನಲ್ಲಿ. "ಅಕ್ಕಾ, ಕೆಂಪು ತೊಳೆ ಹಲಸು, ನಿಂಗಿಷ್ಟ ಅಲ್ವಾ" ಅಂದ. ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಆಸೆಯಾಯಿತು. ಅಷ್ಟೇ. ದೊಡ್ಡ ಕಾರಣ ಹುಡುಕಬೇಡಿ, ಇಲ್ಲ. ಗೋಣಿಚೀಲ ಸುತ್ತಿದೆ, ಅದರ ಮೇಲೆ ಕಂಬಳಿ ಹೊದಿಸಿದೆ, ನೆಲಕ್ಕೆ ಫಿನಾಯಿಲ್ ಸುರಿದೆ. ವಾಸನೆ ಹೊರಗೆ ಹೋಗದು ಎಂದುಕೊಂಡೆ. ಇಡೀ ಬಡಾವಣೆಗೆ ಆನೆಯ ಮೂಗಿನ ಬಗ್ಗೆ ಭಾಷಣ ಮಾಡಿದವಳು ಫಿನಾಯಿಲ್ ನಂಬಿದೆ!

ಆಯಿತಲ್ಲ. ಈಗ ಗೊತ್ತಾಯಿತು, ಬಿಡಿ. ಮನೆಯ ಮಾತು ಮನೆಯಲ್ಲಿರಲಿ. ಮಿಕ್ಕ ಹಣ್ಣನ್ನು ಬೆಳಿಗ್ಗೆಯೇ ಹೂತುಬಿಟ್ಟೆ. ಎಲ್ಲ ಮುಗಿಯಿತು. ಪೆನ್ನು ತೆಗೆದುಕೊಳ್ಳಿ.

ಯಾಕೆ ಸುಮ್ಮನಿದ್ದೀರಿ?

ಹೂತೆ ಎಂದೆನಲ್ಲ. ಹಿತ್ತಿಲಲ್ಲಿ… ಬಾಳೆಯ ಬುಡದಲ್ಲಿ. ಹೋಗಿ ನೋಡಿ ಬೇಕಾದರೆ. ಏಳಬೇಡಿ! ಕುಳಿತುಕೊಳ್ಳಿ. ಏನಾದರೂ ಹೇಳಿ, ರೀ. ಬೈಯಿರಿ. ಮದುವೆಯಾದಾಗಿನಿಂದ ನಿಮ್ಮದು ಇದೇ, ನಾನು ಕೂಗುವುದು, ನೀವು ಸುಮ್ಮನಿರುವುದು, ಕೊನೆಗೆ ಊರಿನ ಕಣ್ಣಿಗೆ ನೀವು ಒಳ್ಳೆಯವರು…

ಹೂಳಲಿಲ್ಲ.

ಹೇಗೆ ಹೂಳಲಿ? ಗೋಡೆ ತೊಳೆದು ಮುಗಿಸುವಷ್ಟರಲ್ಲಿ ಆ ಮಹೇಶ ಬಂದ. ಹಿಂದೆಯೇ ಅರಣ್ಯ ಇಲಾಖೆಯವರು, ಅವರ ಹಿಂದೆ ಇಡೀ ಗುಡ್ಡ. ಹಿತ್ತಿಲಿನಲ್ಲಿ ಜನ, ಗೇಟಿನಲ್ಲಿ ಜನ. ಅರ್ಧ ಹಣ್ಣು ಒಳಗೇ ಇದೆ. ಕಂಬಳಿಯ ಕೆಳಗೆ. ಈ ಬಿಸಿಲಿಗೆ ಇನ್ನಷ್ಟು ಹಣ್ಣಾಗುತ್ತಿದೆ. ನಿಮ್ಮ ಮೂಗಿಗೆ ಬರುತ್ತಿಲ್ಲವೇ? ನನಗೆ ಬೆಳಗಿನಿಂದ ಬೇರೆ ಯಾವ ವಾಸನೆಯೂ ಬರುತ್ತಿಲ್ಲ.

ಆನೆ ದೂರ ಹೋಗಿಲ್ಲ. ಇಲಾಖೆಯವರು ನನ್ನೆದುರಿಗೇ ಹೇಳಿದರು, ಪಟಾಕಿ ಸಿಡಿಸಿ ಕೆಳಗಿನ ತೋಟದವರೆಗೆ ಅಟ್ಟಿದ್ದೇವೆ, ಅಲ್ಲೇ ನಿಂತಿದೆ ಎಂದು. ರುಚಿ ಹಿಡಿದ ಜಾಗಕ್ಕೆ ಮತ್ತೆ ಬರುತ್ತದೆ ಎಂದೂ ಹೇಳಿದರು. ಕತ್ತಲಾದರೆ ಸಾಕು. ಈಗ ಅಲ್ಲಿ ಕೊಟ್ಟಿಗೆಯೂ ಇಲ್ಲ. ಕೊಟ್ಟಿಗೆ ಇದ್ದ ಕಡೆಗೇ ಭೂತಯ್ಯನವರ ಮಲಗುವ ಕೋಣೆಯ ಬಾಗಿಲು ತೆರೆದುಕೊಳ್ಳುತ್ತದೆ. ನಯನಾ ಆ ಬಾಗಿಲ ಬಳಿಯೇ ಚಾಪೆ ಹಾಸುತ್ತಾಳೆ, ಸೆಕೆ ಎಂದು.

ನಿಮಗೆ ಇದೆಲ್ಲ ಬೆಳಿಗ್ಗೆಯಿಂದಲೇ ಹೊಳೆದಿತ್ತು. ಅದಕ್ಕೇ ಬರೆಯಲಿಲ್ಲ. ನಾನಾಗಿ ಹೇಳಲಿ ಎಂದು ಕಾದಿರಿ. ಎಂಥ ಮನುಷ್ಯರು ನೀವು! ನನಗೆ ಈಗಲೂ ನಿಮ್ಮ ಮೇಲೆ ಕೋಪವೇ ಇದೆ, ತಿಳಿದಿರಲಿ. ಭೂತಯ್ಯನ ಮೇಲೂ ಇದೆ. ಆ ‘ಪರ್ಮಿಷನ್’ ಮಾತನ್ನು ನಾನು ಮರೆಯುವುದಿಲ್ಲ. ರಾಮಮ್ಮ ನಾಳೆಯಿಂದ ನನ್ನನ್ನು ಏನೆಂದು ಕರೆಯುತ್ತಾಳೋ, ಅದನ್ನೂ ಬಲ್ಲೆ.

ಆ ಹಾಳೆ ಹರಿಯಿರಿ. ಪ್ರದೀಪನಿಗೆ ಫೋನ್ ಮಾಡಿ, ಭೂತಯ್ಯನ ಮೇಲೆ ಯಾವ ನಿರ್ಣಯವೂ ಇಲ್ಲ ಎಂದು ಹೇಳಿ. ಅದನ್ನಾದರೂ ಬಾಯಿ ಬಿಟ್ಟು ಹೇಳಿ. ಸಭೆ ಐದಕ್ಕೇ ನಡೆಯುತ್ತದೆ. ಅಧ್ಯಕ್ಷತೆಯನ್ನು ನಾನಾಗಿ ಬಿಡುವುದಿಲ್ಲ. ತೆಗೆಯಬೇಕೆಂದವರು ನನ್ನೆದುರು ಕೈ ಎತ್ತಲಿ. ಕೊಟ್ಟಿಗೆ ನಾವು ಕಟ್ಟಿಸಿಕೊಡಬೇಕು, ಹಂಡೆಯನ್ನೂ ಕೊಡಿಸಬೇಕು.

ಹಣ್ಣನ್ನು ನೀವು ಹೊರಬೇಡಿ, ಬಿಡಿ. ಪರದೆಯೂ ಬೇಡ, ಚೀಲವೂ ಬೇಡ. ಅರಣ್ಯ ಇಲಾಖೆಯ ಜೀಪು ಇನ್ನೂ ತಿರುವಿನಲ್ಲೇ ನಿಂತಿದೆ. ನಾನು ಈಗಲೇ ಉಗ್ರಾಣದ ಬಾಗಿಲು ತೆಗೆದು, ಆ ಅರ್ಧ ಹಣ್ಣನ್ನು ಎತ್ತಿಕೊಂಡು, ಮುಂಬಾಗಿಲಿನಿಂದಲೇ ಹೊರಟು, ಮಹೇಶನ ಮೊಬೈಲಿನ ಎದುರೇ ನಡೆದು ಹೋಗಿ ಅವರ ಕೈಗೆ ಕೊಡುತ್ತೇನೆ. ಇದು ನಮ್ಮ ಮನೆಯಲ್ಲಿತ್ತು ಎಂದು ಹೇಳುತ್ತೇನೆ.