ಒಂದೇ ಕಡೆಯ ಬಾಣ

ಗಣಿತ ಸಮ್ಮೇಳನದ ಕಾಫಿ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು: ಈಗಷ್ಟೇ ವೇದಿಕೆಯಿಂದ ಇಳಿದುಬಂದ ಸಂಶೋಧಕಿ, ಅವಳ ಮೇಷ್ಟ್ರ ಹತ್ತಿರವೇ ಕಲಿಯುವ ಕಿರಿಯ ಸಂಶೋಧಕ.

“ಅಷ್ಟು ಜನರೆದುರು ಆ ಪ್ರಶ್ನೆ ಯಾಕೋ ಕೇಳ್ದೆ? ನಮ್ಮ ಮೊನಾಡ್ ರಚನೆ ಎರಡೂ ಜೋಡಣೆಗೆ ಹೊಂದುತ್ತೆ ಅಂತ ಇಬ್ಬರೂ ಸೇರಿ ತಾನೇ ಬರೆದಿದ್ದು?”

“ಒಂದು ಜೋಡಣೆಯಿಂದ ಇನ್ನೊಂದಕ್ಕೆ ಬಾಣ ಹೋಗುತ್ತೆ ಅಕ್ಕ, ವಾಪಸ್ ಬರಲ್ಲ. ನೀವು ಬರುತ್ತೆ ಅಂತ ನಂಬ್ಕೊಂಡ್ರಿ, ಸಾಬೀತು ಅಲ್ಲೇ ಮುರಿಯುತ್ತೆ.”

“ನಿನಗೆ ಯಾವಾಗ ಗೊತ್ತಾಯ್ತು?”

“ಬೇಸಿಗೇಲಿ.”

“ನಿನ್ನೆ ನನ್ನೆದುರು ಕೂತು ಭಾಷಣ ಅಭ್ಯಾಸ ಮಾಡಿಸ್ದೆ. ಆಗ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

ಅವನು ಖಾಲಿ ಲೋಟವನ್ನು ಕೈಯಲ್ಲೇ ತಿರುಗಿಸಿದ.

“ವಾಪಸ್ ಬಾಣ ಇಲ್ದೇನೂ ಸಾಬೀತು ಮಾಡ್ಬಹುದು ಅಕ್ಕ. ದಾರಿ ಇದೆ.”

“ಅದನ್ನೂ ಬರೆದಾಯ್ತಾ?”

“ಗಣಿತ ಪತ್ರಿಕೆಗೆ ಕಳಿಸಿದೀನಿ.”

“ಯಾರ ಹೆಸರಲ್ಲಿ?”

“ನನ್ನೊಬ್ಬನ ಹೆಸರಿದ್ರೆ ಸಾಕು ಅಂತ ಮೇಷ್ಟ್ರೇ ಅಂದ್ರು.”

“ಓ, ಮೇಷ್ಟ್ರಿಗೂ ಗೊತ್ತು.”

“ಲೇಖನದ ಕೊನೇಲಿ ನಿಮಗೆ ಧನ್ಯವಾದ ಹೇಳಿದೀನಿ.”

“ಅಕ್ಕ ಅಂತ ಬರೆದ್ಯಾ, ಹೆಸರು ಬರೆದ್ಯಾ?”

“ಹೆಸರು.”

ಅವಳು ಲೋಟ ತುಂಬಿಸಿಕೊಂಡು, ಸಕ್ಕರೆ ಹಾಕಿ, ನಿಧಾನವಾಗಿ ಕಲಕಿದಳು.

“ಹಾಗಾದ್ರೆ ಇನ್ಮೇಲೆ ಹೆಸರು ಹಿಡಿದೇ ಕರಿ,” ಎಂದು ಹೊರಟಳು.