ಹೊಟ್ಟಿನ ನಾರಿನ ಪಟ್ಟಿ

ಆಸ್ಪತ್ರೆಯ ಬೆಂಚಿನ ಮೇಲೆ ದರ್ಜಿಯೊಬ್ಬನ ಪಕ್ಕದಲ್ಲಿ ಕೂತಿದ್ದ ಮುದುಕಿಯ ಸುಟ್ಟ ಕೈಗೆ ತೆಳುವಾದ ಪಟ್ಟಿ ಅಂಟಿಸಿದ್ದರು. ಅದು ಬಟ್ಟೆಯಲ್ಲವೆಂದು ದರ್ಜಿಯ ಕಣ್ಣಿಗೆ ತಕ್ಷಣ ಗೊತ್ತಾಯಿತು, ಕಿವಿ ನಿಮಿರಿತು.

“ನಮ್ಮ ಬಿಯರ್ ಕಾರ್ಖಾನೇಲಿ ಉಳಿಯೋ ಬಾರ್ಲಿ ಹೊಟ್ಟಿನ ನಾರು ಕಣೆ ಇದು. ಮಗಳ ಲ್ಯಾಬಲ್ಲೇ ಮಾಡಿದ್ದು,” ಎಂದ ಅವಳ ಗಂಡ.

“ಸುಮ್ನಿರಿ! ಆ ಹೊಟ್ಟಿನ ಹುಳಿನಾತಕ್ಕೇ ಅಲ್ವಾ ದಿನಾ ನಿಮ್ಮ ಅಂಗೀನ ಬಾಗಿಲಾಚೆ ಬಿಚ್ಚಿಸ್ತಿದ್ದದ್ದು?”

“ಮೂಸಿ ನೋಡು ಬೇಕಾದ್ರೆ.”

ಆಕೆ ಮೂಸಿದಳು.

“ಏನೂ ಬರ್ತಿಲ್ವಲ್ಲ ರೀ.”

“ಪೀಡೆ ತೊಲಗಿತು ಅನ್ನೋದು ಬಿಟ್ಟು ಮುಖ ಯಾಕೆ ಸಣ್ಣ ಮಾಡ್ತೀಯಾ?”

“ರಿಟೈರ್ ಆದ್ಮೇಲೆ ದಿನವಿಡೀ ಕಣ್ಣೆದುರೇ ಇರ್ತೀರಿ. ಆದ್ರೂ ಸಂಜೆ ಆ ನಾತ ಬರದೇ ಇದ್ರೆ, ನೀವಿನ್ನೂ ಮನೆಗೆ ಬಂದಿಲ್ಲ ಅನ್ಸುತ್ತೆ.”

ಮುದುಕ ಎದ್ದು ಅವಳ ಇನ್ನೊಂದು ಕೈ ಹಿಡಿದ.

“ಬಂದಿದೀನಿ ಕಣೆ. ನಡಿ.”