ಹದಿನಾರನೆಯ ಗೈರುಹಾಜರಿ

"1998, ಆಗಸ್ಟ್ ಹನ್ನೆರಡು, ಬುಧವಾರ. ಬೆಳಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ಯಜಮಾನರ ಕಾಲಿನ ಗಾಯಕ್ಕೆ ಪಟ್ಟಿ ಬದಲಾಯಿಸಲು ಕಾಂಪೌಂಡರ್ ಸಂಜೆ ಬರುತ್ತೇನೆಂದ. ಸೊಸೆ ಮನೆಯಲ್ಲೇ ಉಳಿದಳು. ನಾನು ಫ್ರೆಂಚ್ ಕ್ಲಾಸಿಗೆ ಹೋದೆ."

ನೋಡು, ಸಿಕ್ತು! ಇದೇ ನಿನ್ನ ಮೊದಲನೇ ಗೈರುಹಾಜರಿ. ಬರ್ಕೋ. ತಾರೀಖಿನ ಮುಂದೆ "ಮಾವನವರ ಅನಾರೋಗ್ಯ" ಅಂತ. ಅಕ್ಷರ ಬಿಡಿಬಿಡಿಯಾಗಿ ಬರಿ ಜಯಮಾಲಾ, ಯೂನಿವರ್ಸಿಟಿಯವರಿಗೆ ಇರುವೆ ಸಾಲು ಓದೋಕೆ ಪುರುಸೊತ್ತಿರಲ್ಲ.

ಏನು, ನಗ್ತೀಯಾ? ನಗು, ನಗು. ಡೈರಿ ಬರೆಯೋ ಅತ್ತೆ ಅಂದ್ರೆ ನಿಮ್ಮ ತವರಲ್ಲಿ ದೊಡ್ಡ ತಮಾಷೆ ಅಲ್ವಾ? "ಗಂಗಲಕ್ಷ್ಮಮ್ಮೋರ ಮನೇಲಿ ಸೊಳ್ಳೆ ಸತ್ರೂ ತಾರೀಖು ಹಾಕ್ತಾರೆ" ಅಂದಿದ್ರಂತೆ ನಿಮ್ಮಮ್ಮ. ಅದನ್ನೂ ಬರೆದಿಟ್ಟಿದೀನಿ, ತೊಂಬತ್ತಾರರ ಡೈರಿಲಿ. ಈಗ ನೋಡು, ಎಂಟು ವರ್ಷ ಆದ್ಮೇಲೆ ಸೊಸೆ ಮಹಾರಾಣಿಗೆ ಮತ್ತೆ ಫ್ರೆಂಚ್ ಕಲಿಯೋ ಆಸೆ. ಆಫೀಸಿನವರು ಏನಂದ್ರು? ಹಿಂದೆ ಹಾಜರಿ ಕಮ್ಮಿಯಾಗಿ ಪರೀಕ್ಷೆಗೆ ಕೂರದೆ ಹೋದವರು ಒಂದೊಂದು ಗೈರಿಗೂ ಕಾರಣ ಬರೆದು ಕೊಡ್ಬೇಕು, ಒಪ್ಪಿಗೆಯಾದ್ರೆ ಸೀಟು. ಕೈಗೆ ಒಂದು ಜೆರಾಕ್ಸು ಕೊಟ್ಟು ಕಳಿಸಿದ್ರು, ಹದಿನಾರು ತಾರೀಖು. ನಾಳೆ ಕೊನೇ ದಿನ. ಆಗ ಯಾರು ನೆನಪಾದ್ರು? ಈ ಹಳೇ ಕಾಲದ ಬಿ.ಎ.!

ಅಲ್ಲ ಕಣೇ, ಟ್ರಂಕಲ್ಲಿ ಕೈಯಾಡಿಸ್ಬೇಡ. ತೊಂಬತ್ತೆಂಟು, ತೊಂಬತ್ತೊಂಬತ್ತು, ಎರಡೇ ಡೈರಿ ಸಾಕು. ಆ ನೀಲಿ ರಟ್ಟಿನ ಪುಸ್ತಕ ಅಲ್ಲೇ ಇರ್ಲಿ. ಬರೀ ಧೂಳು.

ಮುಂದೆ. ಆಗಸ್ಟ್ ಹತ್ತೊಂಬತ್ತು, ಮಾವನ ಕಾಲು. ಸೆಪ್ಟೆಂಬರ್ ಎರಡು, ಮಾವನ ಕಾಲು. ಹದಿನಾಲ್ಕು, ಕಾಲು... ಒಟ್ಟು ಏಳು ಸಲ. ಅವರ ಕಾಲಿಗೂ ಈ ಫ್ರೆಂಚ್ ಭಾಷೆಗೂ ಏನು ದ್ವೇಷವೋ ಕಾಣೆ, ಸರಿಯಾಗಿ ಸೋಮವಾರ ಬುಧವಾರವೇ ಕೀವು ಕಟ್ಟೋದು!

ಯಾಕೆ ಹಾಗೆ ನೋಡ್ತೀಯ? ಒಬ್ರು ಮನೇಲಿರಬೇಕಿತ್ತು, ಒಬ್ರು ಹೋಗ್ಬೇಕಿತ್ತು. ನಾನು ಹೋದೆ. ದೊಡ್ಡವಳು. ಹಾಜರಿ ಪುಸ್ತಕ ಬೇರೆ ನನ್ನ ಕೈಲಿತ್ತು. ನಾನು ಹೋಗದೆ ಇದ್ರೆ ಹಾಜರಿ ಯಾರು ಕೂಗ್ಬೇಕು?

ಆಹಾ, ಆ ಕ್ಲಾಸು! ಮುನಿರಾಜಪ್ಪ ಮೇಷ್ಟ್ರು! ಪಾಂಡಿಚೇರಿಲಿ ಓದಿ ಬಂದ ಹಲಸೂರಿನ ಮನುಷ್ಯ. ಹಣೇಲಿ ವಿಭೂತಿ, ಬಾಯಲ್ಲಿ "ಬೋಂಜೂರ್". ಇಪ್ಪತ್ತೆರಡು ಜನ ನಾವು. ಕಮರ್ಷಿಯಲ್ ಸ್ಟ್ರೀಟಿನ ಹಬೀಬ್ ಸಾಹೇಬ್ರು ಜ್ಞಾಪಕ ಇದಾರಾ, ಜರಿ ಅಂಗಡಿಯೋರು? ಪರದೇಶದ ಗಿರಾಕಿಗಳು ಬಂದ್ರೆ ಅವರ ಭಾಷೇಲೇ ಚೌಕಾಶಿ ಮಾಡ್ಬೇಕು ಅಂತ ಸೇರಿದ್ರು. ಮೂರು ತಿಂಗಳಾದ್ರೂ "ಆಪಾ, ಈ ಮೂಗಿನ ಅಕ್ಷರ ನಮಗಾಗಲ್ಲ" ಅಂತ ನನ್ನ ಹತ್ರ ಅಳೋರು. ನನಗೂ ಆಗ್ತಿರಲಿಲ್ಲ ಅಂತ ಹೇಳ್ಲಿಲ್ಲ, ಬಿಡು. ಅರವತ್ತನೇ ವಯಸ್ಸಲ್ಲಿ ಮೂಗಿಂದ ಮಾತಾಡು ಅಂದ್ರೆ!

ನನ್ನನ್ನ ಯಾರು ಕರೆದ್ರು ಅಂತೀಯಾ? ಕೇಳ್ಲಿಲ್ವಾ? ಮನಸಲ್ಲಿ ಕೇಳ್ದೆ, ಗೊತ್ತು ನನಗೆ. ಮನೆ ಸೊಸೆ ಸಂಜೆ ಹೊತ್ತು ಒಬ್ಳೇ ಶಿವಾಜಿನಗರದಲ್ಲಿ ಬಸ್ ಬದಲಾಯಿಸಿ ಹೋಗೋದಾ? ಜೊತೆಗೆ ಹೊರಟೆ. ಹೊರಟವಳು ಸುಮ್ನೆ ಹೊರಗೆ ಬೆಂಚ್ ಮೇಲೆ ಕೂರಲಾ? ನಾನು ಗ್ರಾಜುಯೇಟ್! ಫೀಸು ಕಟ್ಟಿ ಒಳಗೇ ಕೂತೆ. ಮೊದಲನೇ ವಾರವೇ ಮೇಷ್ಟ್ರು ನನ್ನ ಅಕ್ಷರ ನೋಡಿ, "ಅಮ್ಮಾ, ಹಾಜರಿ ನೀವೇ ಬರೀರಿ" ಅಂದ್ರು. ಕ್ಲಾಸು ಮುಗಿಯೋ ಹೊತ್ತಿಗೆ ಅವರು ತಲೆ ಎಣಿಸಿ, ಎಷ್ಟು ಜನ ಅನ್ನೋದನ್ನ ಮಾತ್ರ ತಮ್ಮ ಜೇಬಿನ ಪುಸ್ತಕದಲ್ಲಿ ಗುರುತು ಹಾಕ್ಕೊಳ್ಳೋರು. ಯಾರು ಬಂದ್ರು, ಯಾರು ಬರಲಿಲ್ಲ, ಎಲ್ಲಾ ನನ್ನ ಲೆಕ್ಕ. ಅಷ್ಟು ನಂಬಿಕೆ!

ಬರಿ, ಬರಿ. ನವೆಂಬರ್. ಮಗೂಗೆ ಅಮ್ಮ ಎದ್ದಿದ್ದು, ನಾಲ್ಕು ಗೈರು. ಹನ್ನೊಂದಾಯ್ತು. ಹಬ್ಬದ ಹಿಂದಿನ ದಿನ ಒಬ್ಬಟ್ಟಿಗೆ ನಿಂತಿದ್ದು ಒಂದು... "ಒಬ್ಬಟ್ಟು" ಅಂತ ಬರೀಬೇಡ, ಪೆದ್ದೀ, "ಗೃಹಕೃತ್ಯ" ಅಂತ ಬರಿ. ಸಾಬಮ್ಮ ಕೆಲಸಕ್ಕೆ ಬರದೆ ಇದ್ದಿದ್ದು ಒಂದು. ಅದೂ ಗೃಹಕೃತ್ಯ. ನಿಮ್ಮಮ್ಮನಿಗೆ ಹುಷಾರಿಲ್ಲ ಅಂತ ನೀನು ತವರಿಗೆ ಓಡಿದ್ದು ಎರಡು. ನೋಡು, ಅದಕ್ಕೆ ಮಾತ್ರ ಗಂಟು ಕಟ್ಕೊಂಡು ಹೊರಟಿದ್ದೆ.

ಹದಿನೈದು. ಮುಗೀತು.

ಏನು? ಇನ್ನೊಂದಾ?

...ಹೂಂ. ಇನ್ನೊಂದು. ಹದಿನಾರಲ್ವಾ. ಅರವತ್ತು ಕ್ಲಾಸಿಗೆ ಹದಿನೈದರ ತನಕ ಮಾಫಿ, ಹದಿನಾರಾದ್ರೆ ಪರೀಕ್ಷೆ ಇಲ್ಲ. ನಲವತ್ತೈದು ಬೇಕಿತ್ತು, ನಿಂದು ನಲವತ್ನಾಕು. ಒಂದೇ ಒಂದು ಕಮ್ಮಿ! ಆಗ ಎಷ್ಟು ಜನ ಬಂದು ಹೇಳಿದ್ರು ನನಗೆ, "ನಿಮ್ಮ ಸೊಸೆ ತಾನೇ, ಒಂದು ಗೀಟು ಎಳೆದ್ರೆ ಆಯ್ತು" ಅಂತ. ನಾನೇನಂದೆ? ನನ್ನ ಪುಸ್ತಕದಲ್ಲಿ ಸೊಸೆ ಇಲ್ಲ, ಮಗಳಿಲ್ಲ, ಬಂದವರು ಬರದವರು ಅಷ್ಟೇ ಅಂದೆ. ಹಬೀಬ್ ಸಾಹೇಬ್ರು ಎದ್ದು ಸಲಾಂ ಮಾಡಿದ್ರು ಕಣೇ ನನಗೆ! ನಮ್ಮ ಜೋಗುಪಾಳ್ಯದ ಬೀದೀಲೆಲ್ಲಾ ಆರು ತಿಂಗಳು ಇದೇ ಮಾತು. ನೀನೂ ಆ ಹೊತ್ತು ಅಲ್ಲೇ ಇದ್ದೆ, ಒಂದು ಮಾತೂ ಆಡ್ಲಿಲ್ಲ.

ಆಡಿದ್ಯಾ? ಏನು... ಓ, ಅದು. ಅಡುಗೆಮನೇಲಿ ಕೇಳಿದ್ದೆ, "ಅತ್ತೆ, ಹದಿನೈದೇ ಅಲ್ವಾ?" ಅಂತ. ನಾನು "ನನ್ನ ಲೆಕ್ಕದ ಮೇಲೆ ಅನುಮಾನಾನಾ?" ಅಂದೆ. ನೀನು "ಇಲ್ಲ ಅತ್ತೆ" ಅಂದೆ. ಅಲ್ಲಿಗೆ ಮುಗೀತು.

ಆ ಹದಿನಾರನೇದಕ್ಕೆ "ಜ್ವರ" ಅಂತ ಬರ್ದುಬಿಡು. ಜ್ವರಕ್ಕೇನು, ಯಾರಿಗಾದ್ರೂ ಬರತ್ತೆ.

ಯಾಕೆ, ಪೆನ್ನು ಯಾಕೆ ಕೆಳಗಿಟ್ಟೆ?

ಡೈರಿ ನೋಡ್ಬೇಕಾ? ಹದಿನೈದಕ್ಕೂ ನೋಡಿದ್ದಾಯ್ತಲ್ಲ, ಇದೊಂದಕ್ಕೆ ಬೇಡ. ನನ್ನ ಕನ್ನಡಕ ಬೇರೆ ಮಂಜಾಗ್ತಿದೆ... ಅದೇನು ಹಠ! ಜೆರಾಕ್ಸಲ್ಲಿ ಏನಿದೆ? ಫೆಬ್ರವರಿ ಹದಿನೇಳು. ಸರಿ. ನೋಡೋಣ. ಡೈರೀಲಿ ಸುಳ್ಳು ಬರೆದವಳಲ್ಲ ನಾನು.

"1999, ಫೆಬ್ರವರಿ ಹದಿನೇಳು, ಬುಧವಾರ. ಕೆ.ಆರ್. ಪುರದಲ್ಲಿ ತಂಗಿ ಮಗಳ ನಿಶ್ಚಿತಾರ್ಥ. ಮೈಸೂರು ಪಾಕು ಗಟ್ಟಿಯಾಗಿತ್ತು. ವಾಪಸು ಬರುವಾಗ ರೈಲ್ವೆ ಗೇಟು ಹಾಕಿ ಒಂದು ಗಂಟೆ ಬಸ್ಸಿನಲ್ಲೇ ಕೂತೆ. ಮನೆಗೆ ಬಂದಾಗ..."

ಸಾಕು. ನಿಶ್ಚಿತಾರ್ಥ ಇತ್ತು. "ಕುಟುಂಬದ ಸಮಾರಂಭ" ಅಂತ ಬರ್ಕೋ.

ಬರೀತಿಲ್ಲ ನೀನು.

ನೀನು ಬಂದಿರ್ಲಿಲ್ಲ ನಿಶ್ಚಿತಾರ್ಥಕ್ಕೆ, ಹೌದು. ಹಾಗಂತ... ಎಲ್ಲೋ ಹೋಗಿರ್ತೀಯಪ್ಪ! ಎಂಟು ವರ್ಷದ ಹಿಂದಿನ ಬುಧವಾರ ಯಾರಿಗೆ ಜ್ಞಾಪಕ ಇರತ್ತೆ? ಮುಂದೆ ಓದ್ಬೇಕಾ? ಓದ್ತೀನಿ. ಏನು ಭಯಾನಾ ನನಗೆ?

"ಮನೆಗೆ ಬಂದಾಗ ಎಂಟೂವರೆ. ಸೊಸೆ ಕ್ಲಾಸು ಮುಗಿಸಿ ಆಗಲೇ ಬಂದು ಯಜಮಾನರಿಗೆ ಊಟ ಬಡಿಸುತ್ತಿದ್ದಳು. ಹಾಜರಿ ತಾನೇ ಕೂಗಿದ್ದಾಗಿ ಹೇಳಿ ಪುಸ್ತಕ ಕೊಟ್ಟಳು."

ಇದೇನು, ಯಾವಾಗ ತೆಗೆದೆ ಅದನ್ನ? ನೀಲಿ ರಟ್ಟಿನ ಪುಸ್ತಕ ಮುಟ್ಬೇಡ ಅಂದಿರ್ಲಿಲ್ವಾ! ಇಡು ಅಲ್ಲಿ. ಜಯಮಾಲಾ. ಇಡು ಅಂದೆ.

...ಇಡಲ್ಲ ನೀನು.

ತೆಗಿ ಹಾಗಾದ್ರೆ. ಫೆಬ್ರವರಿ ಹಾಳೆ ತೆಗಿ. ಅದು ಹಾಜರಿಯ ಕಚ್ಚಾ ಪುಸ್ತಕ. ಅದರ ಮೇಲೆ ಯಾರೋ ಟೀ ಚೆಲ್ಲಿದ್ರು ಅಂತ ಮಾರ್ಚಿನಲ್ಲಿ ಮೇಷ್ಟ್ರು "ಅಮ್ಮಾ, ಆಫೀಸಿಗೆ ಒಂದು ಶುದ್ಧ ಪ್ರತಿ ಮಾಡ್ಕೊಡಿ" ಅಂದ್ರು. ಮಾಡ್ಕೊಟ್ಟೆ. ಇದನ್ನ ಎಸೀಬೇಕಿತ್ತು. ಎಸೆಯೋಕೆ ಬರಲ್ಲ ನನಗೆ, ಅದೇ ನನ್ನ ರೋಗ. ಈ ಮನೆಗೆ ಬಂದ ಒಂದು ಚೀಟೀನೂ ಎಸೆದವಳಲ್ಲ.

ನಿನ್ನ ಅಕ್ಷರ ಅಲ್ವಾ ಅದು. ದುಂಡಗಿದೆ. ನನ್ನ ಹೆಸರಿನ ಮುಂದೆ "ಗೈರು". ನಿನ್ನ ಹೆಸರಿನ ಮುಂದೆ "ಹಾಜರು".

ನಿನಗೆ ಆ ಮೂರನೇ ತಾರೀಖು ನೆನಪಿದ್ಯಾ? ಅದೇ ಫೆಬ್ರವರಿ. ಮೇಷ್ಟ್ರು ಇಬ್ಬಿಬ್ಬರನ್ನ ಎಬ್ಬಿಸಿ ಮಾತಾಡಿಸಿದ್ರು. ನಾವಿಬ್ರು ಸ್ನೇಹಿತೆಯರಂತೆ! ನೀನು ಮರ್ಯಾದೆಯಾಗಿ ಬಹುವಚನದಲ್ಲೇ ಕೇಳಿದೆ. ಅವರು ಬಿಡ್ಲಿಲ್ಲ, "ಸ್ನೇಹಿತೆಗೆ ಏಕವಚನ, ಏಕವಚನ!" ಅಂದ್ರು. ನೀನು ತಿರುಗಿ ನನ್ನ ಮುಖ ನೋಡಿ... ನಿನ್ನ ಹೆಸರೇನೇ, ನಿನಗೆ ವಯಸ್ಸೆಷ್ಟೇ! ಇಡೀ ಕ್ಲಾಸು ನಕ್ತು. ಹಬೀಬ್ ಸಾಹೇಬ್ರು ಬೆಂಚು ಕುಟ್ಟಿ ನಕ್ರು. ನನಗೆ ವಯಸ್ಸು ಹೇಳೋಕೆ ಆ ಭಾಷೇಲಿ ಅರವತ್ತು ಅನ್ನೋದು ಬಾಯಿಗೆ ಬರ್ಲಿಲ್ಲ. ನೀನು ಮೆಲ್ಲಗೆ ಹೇಳ್ಕೊಟ್ಟೆ. ಎಲ್ಲರೆದುರಿಗೆ. ಕರುಣೆಯಿಂದ! ಅದೇ ನನಗೆ... ಬೈದಿದ್ರೂ ಸಹಿಸ್ತಿದ್ದೆ.

ಅದಕ್ಕಲ್ಲ ಕಣೇ. ಅದಕ್ಕೇ ಮಾಡ್ದೆ ಅಂತ ತಿಳ್ಕೋಬೇಡ. ಶುದ್ಧ ಪ್ರತಿ ಬರೆಯೋವಾಗ ಕೂಡಿ ನೋಡ್ತೀನಿ, ನನ್ನದೂ ಹದಿನಾರು! ಬಾಯಿಪಾಠ ಒಪ್ಪಿಸೋ ದಿನ ಬಂದ್ರೆ ನನಗೆ ಮೊಣಕಾಲು ನೋವು ಬರ್ತಿತ್ತಲ್ಲ, ಆಗ ಪುಸ್ತಕ ಕೊಟ್ಟು ನಿನ್ನೊಬ್ಳನ್ನೇ ಕಳಿಸ್ತಿದ್ದೆ, ಆ ಮೊಣಕಾಲಿನ ಹದಿನೈದು, ಈ ನಿಶ್ಚಿತಾರ್ಥದ್ದು ಒಂದು. ಹಾಜರಿ ಬರೆಯೋ ಗಂಗಲಕ್ಷ್ಮಮ್ಮನಿಗೇ ಹಾಜರಿ ಕಮ್ಮಿ! ಬೀದಿಯೆಲ್ಲಾ ಏನಂತಿತ್ತು? ಆ ದಿನದ ನನ್ನ "ಗೈರು" ತೆಗೆದು "ಹಾಜರು" ಮಾಡಿದ್ರೆ ಆಯ್ತು. ಆದ್ರೆ ಮೇಷ್ಟ್ರ ಜೇಬಿನ ಪುಸ್ತಕದಲ್ಲಿ ಆವತ್ತು ಹದಿನೆಂಟು ತಲೆ ಅಂತಿತ್ತು. ನಾನು ಸೇರಿದ್ರೆ ಹತ್ತೊಂಬತ್ತು. ಯಾರಾದ್ರೂ ಒಬ್ರು ಇಳೀಬೇಕಿತ್ತು.

ಹಬೀಬ್ ಸಾಹೇಬ್ರನ್ನ ಇಳಿಸಿದ್ರೆ ಜಗಳ ತೆಗೀತಿದ್ರು. ಆ ಕಾಲೇಜು ಹುಡುಗಿ ಮಾರಿಯಾನ ಇಳಿಸಿದ್ರೆ ಅವರಪ್ಪ ಬರ್ತಿದ್ರು. ಹದಿನೆಂಟು ಹೆಸರೂ ಬೆರಳಿಟ್ಟು ನೋಡಿದೆ. ಕೇಳದೆ ಇರೋರು ಒಬ್ರೇ. ಮನೆಯವಳು.

ಏನಾದ್ರೂ ಅನ್ನೇ.

ನಿನ್ನದು ಆಗ ಸರಿಯಾಗಿ ಹದಿನೈದು ಅಂತ ನೋಡ್ಲಿಲ್ಲ ನಾನು. ...ನೋಡಿದ್ದೆ. ಕೂಡಿದ್ದೆ. ಎರಡು ಸಲ ಕೂಡಿದ್ದೆ.

ಮೊದಲೆಲ್ಲಾ ನೀನು ಸುಮ್ನಿರ್ತಿರ್ಲಿಲ್ಲ. ತರಕಾರಿ ಹೆಚ್ಚುತ್ತಾ ಒಂದೊಂದಕ್ಕೂ ಫ್ರೆಂಚ್ ಹೆಸರು ಹೇಳೋಳು. ಆಲೂಗೆಡ್ಡೆಗೆ "ಪೊಮ್ ದ ತೇರ್" ಅಂದ್ರೆ ಮಂಚದ ಮೇಲಿಂದ ನಿಮ್ಮ ಮಾವ "ಪಂ ಪಂ ತೇರು" ಅನ್ನೋರು. ಆ ಭಾಷೇಲಿ ವಸ್ತುಗಳಿಗೂ ಗಂಡು ಹೆಣ್ಣು ಅಂತ ಲಿಂಗ ಇದೆ, ಮನೆ ಹೆಣ್ಣಂತೆ, ಬೀಗದಕೈ ಹೆಣ್ಣಂತೆ ಅಂತ ನೀನು ಹೇಳ್ದಾಗ, "ಅದು ಗೊತ್ತಿರೋದೇ, ಎರಡೂ ಗಂಗಲಕ್ಷ್ಮಿ ಹತ್ರಾನೇ ಇದೆ" ಅಂತ ನಕ್ಕು ನಕ್ಕು ಕೆಮ್ಮು ಬಂದಿತ್ತು ಅವರಿಗೆ. ಆ ಮಾರ್ಚ್ ಆದ್ಮೇಲೆ ನಿನ್ನ ಬಾಯಲ್ಲಿ ಬರೋದು ಎರಡೇ. "ಹೂಂ ಅತ್ತೆ. ಇಲ್ಲ ಅತ್ತೆ." ನಾನು ಅದನ್ನ ವಿನಯ ಅಂತ ಬರೆದಿದೀನಿ ಡೈರೀಲಿ. "ಸೊಸೆ ಈಚೆಗೆ ವಿನಯವಂತೆಯಾಗಿದ್ದಾಳೆ." ನಗು ಬರಲ್ವಾ ನಿನಗೆ?

ನಿನಗೆ ಗೊತ್ತಿತ್ತು.

ಆವತ್ತು ಹಾಜರಿ ಕೂಗಿದ್ದೇ ನೀನು, ಗೊತ್ತಿಲ್ದೆ ಇರತ್ತಾ! ಜೆರಾಕ್ಸ್ ಕೈಗೆ ಬಂದಾಗ್ಲೇ ಗೊತ್ತಾಗಿದೆ. ಕಾರಣ ಬರೆಯೋಕೆ ನಿನಗೆ ನನ್ನ ಡೈರಿ ಬೇಕಿರ್ಲಿಲ್ಲ. ನಾನು ಓದೋದು ಬೇಕಿತ್ತು.

ಫಾರಂ ಇಲ್ಲಿ ಕೊಡು. ಪೆನ್ನೂ ಕೊಡು. ನಾನೇ ಬರೀತೀನಿ, ಕಾಲಂ ಸಾಲದೆ ಇದ್ರೆ ಹಿಂದಿನ ಹಾಳೆಗೆ ಹೋಗ್ಲಿ. ಕೇಳ್ಕೋ, ತಪ್ಪಿದ್ರೆ ಹೇಳು.

"ಫೆಬ್ರವರಿ ಹದಿನೇಳರಂದು ಅಭ್ಯರ್ಥಿ ತರಗತಿಯಲ್ಲಿ ಹಾಜರಿದ್ದರು. ಬಾರದಿದ್ದವಳು ನಾನು. ಶುದ್ಧ ಪ್ರತಿಯಲ್ಲಿ ಅದಲುಬದಲು ಮಾಡಿದವಳೂ ನಾನು. ಕಚ್ಚಾ ಪುಸ್ತಕವನ್ನು ಇದರೊಂದಿಗೆ ಲಗತ್ತಿಸಿದೆ. ಇದರಿಂದ ಅಭ್ಯರ್ಥಿಗೆ ಪರೀಕ್ಷೆ ತಪ್ಪಿತು. ಹಳೆ ಮದ್ರಾಸ್ ರಸ್ತೆಯ ಒಂದು ವಿದೇಶಿ ಕಚೇರಿಯವರು ಜೂನ್ ತನಕ ಅವರಿಗಾಗಿ ಇಟ್ಟಿದ್ದ ಕೆಲಸ, ಸರ್ಟಿಫಿಕೇಟ್ ಇಲ್ಲದೆ ಬೇರೆಯವರಿಗೆ ಹೋಯಿತು. ಅದಾಗಿ ಎಂಟು ವರ್ಷ. ನನಗೆ ಮೂವತ್ತೆಂಟು ಅಂಕ ಬಂತು, ಸರ್ಟಿಫಿಕೇಟ್ ಕಟ್ಟು ಹಾಕಿಸಿ ಹಜಾರದ ಗೋಡೆಗೆ ತೂಗುಹಾಕಿದ್ದೇನೆ. ಮನೆಯಲ್ಲಿ ನನ್ನೊಂದಿಗೆ ಮಾತಾಡುತ್ತಿದ್ದ ಒಬ್ಬಳು ಮಾತು ಬಿಟ್ಟಳು."